ಮಾಳಿಗೆ ಮನೆಯಿಂದ ಅಣ್ಣನಿಗೆ

ಹನುಮಸಾಗರ

ಪ್ರೀತಿಯ ಅಣ್ಣನಿಗೆ,

ಅಮ್ಮನ ಮಂಡಿನೋವು ಹೇಗಿದೆ ಬರೆ. ಹೊಸಪೇಟೆಯಲ್ಲಿ ರೈಲಿಳಿದು ಕುಷ್ಟಗಿ ಬಸ್ಸು ಹಿಡಿದೆ, ಅಲ್ಲಿಂದ ಇನ್ನೊಂದು ಬಸ್ಸು. ಬಿಸಿಲು ಕಣ್ಣು ಬಿಡಗೊಡುವುದಿಲ್ಲ. ಕಬ್ಬರಗಿ ಹತ್ತಿರದ ಕಪಿಲತೀರ್ಥ ನೋಡಬೇಕೆಂದಿದ್ದೆ, ಆದರೆ ಅದು ಮಳೆಗಾಲದ ಜಲಪಾತ, ಈಗ ಬರೀ ಬಂಡೆ. ಆ ಮಾತು ಬಿಡು, ನಾನು ಬರೆಯಹೊರಟಿದ್ದು ಮನೆ ವಿಷಯ. ನಮ್ಮ ತೋಟದ ಮನೆಯನ್ನು ಕೆಡವಿ ಆರ್‌ಸಿಸಿ ಕಟ್ಟಿಸುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ಅದೇ ತಲೆಯಲ್ಲಿ ಕೂತಿದೆ.

ನಾನು ಉಳಿದಿರುವುದು ಗೆಳತಿಯ ಮಾವನವರ ಮನೆಯಲ್ಲಿ. ಹೊಲದ ಅಂಚಿನಲ್ಲಿ ಅವರೇ, ಅವರ ತಮ್ಮಂದಿರೇ ಕೈಯಾರೆ ಕಟ್ಟಿದ ಮಾಳಿಗೆ ಮನೆ. ಗೋಡೆ ಎರಡಡಿಗೂ ಹೆಚ್ಚು ದಪ್ಪ. ಎರಡೂ ಮೈಗೆ ಕಲ್ಲು, ನಡುವೆ ಚೂರುಕಲ್ಲು, ಕೆಸರುಮಣ್ಣು. ಹೊರಗೆ ನಡುಮಧ್ಯಾಹ್ನದ ಕಾವು ನಲವತ್ತು ಡಿಗ್ರಿ ದಾಟಿದ್ದರೂ ಪಡಸಾಲೆಯಲ್ಲಿ ಫ್ಯಾನಿಲ್ಲದೆ ನಿದ್ದೆ ಬರುತ್ತದೆ. ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಾರೆ. ಹಗಲು ಅಲ್ಲೇ ಮೆಣಸಿನಕಾಯಿ ಒಣಗುತ್ತದೆ.

ಚಾವಣಿ ಕಟ್ಟುವ ಕ್ರಮವನ್ನು ಮಾವ ಬಿಡಿಸಿ ಹೇಳಿದರು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಸಣ್ಣ ಕಟ್ಟಿಗೆ. ಮರವೆಲ್ಲ ಇಲ್ಲಿಯದೇ, ಬೇವು ಮತ್ತು ಜಾಲಿ. ಬೇವಿಗೆ ಗೆದ್ದಲು ಬೇಗ ಹತ್ತುವುದಿಲ್ಲ. ಅದರ ಮೇಲೆ ಸೊಪ್ಪು, ಆಮೇಲೆ ತುಳಿದು ಹದ ಮಾಡಿದ ಮಣ್ಣು, ಕೊನೆಯ ಪದರ ಸವಳು ಮಣ್ಣು. ಈ ಸವಳಿನಲ್ಲೇ ಗುಟ್ಟಿರುವುದು. ಅದರಲ್ಲಿ ಸೋಡಿಯಂ ಹೆಚ್ಚು. ಮಳೆ ಬಿದ್ದೊಡನೆ ಮಣ್ಣಿನ ಕಣ ಉಬ್ಬಿ, ಚದುರಿ, ಸಂದುಗೊಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರು ಕೆಳಗಿಳಿಯದೆ ವಾಟ ಇದ್ದ ಕಡೆ ಹರಿದುಹೋಗುತ್ತದೆ. ಪೈರು ಬಾರದ ನೆಲದಿಂದ ಅಗೆದು ತಂದ ಮಣ್ಣು ಮನೆ ಕಾಯುತ್ತದೆ ಎಂದರೆ ಹಿರಿಯರು ತಮ್ಮ ನೆಲವನ್ನು ಎಷ್ಟು ಬಲ್ಲವರಾಗಿರಬೇಕು ನೋಡು. ವರ್ಷಕ್ಕೆ ಅರವತ್ತು ಸೆಂಟಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆಗೆ ಇದು ಸರಿಯಾದ ಚಾವಣಿ. ಮಲೆನಾಡಿನಲ್ಲಿ ಒಂದು ಮಳೆಗಾಲ ನಿಲ್ಲದು.

ಆದರೆ ಅಣ್ಣ, ಇದು ಕಟ್ಟಿ ಮರೆಯುವ ಮನೆ ಅಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆ ಏರಿ ಹುಲ್ಲನ್ನು ಬೇರುಸಹಿತ ಕೀಳಬೇಕು, ಬೇರು ಇಳಿದ ದಾರಿಯಲ್ಲೇ ನೀರು ಇಳಿಯುತ್ತದೆ. ಇಲಿ ತೋಡಿದ ಬಿಲ ಮುಚ್ಚಬೇಕು, ಹೊಸ ಸವಳು ಹರಡಿ ಬಡಿಯಬೇಕು. ಹಾಗೆಂದು ಹಾಕುತ್ತಲೇ ಹೋದರೆ ಭಾರಕ್ಕೆ ಜಂತಿ ಬಾಗುತ್ತದೆ, ಆದ್ದರಿಂದ ಆಗಾಗ ಹಳೆ ಮಣ್ಣು ತೆಗೆದು ಹಗುರ ಮಾಡಬೇಕು. ಒಂದು ಕಡೆ ಸೋರಿ ಜಂತಿಯ ತುದಿ ಕೊಳೆತರೆ ಇಡೀ ಅಂಕಣ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆಗೆ ಉತ್ತರ ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆಗಳು ಹಾನಿಗೊಂಡವು, ಗೋಡೆ ಚಾವಣಿ ಬಿದ್ದು ಜನ ಸತ್ತರು. ಮಣ್ಣಿನ ಮನೆಯನ್ನು ಹೊಗಳುವವರು ಇದನ್ನೂ ಹೇಳಬೇಕು.

ಈ ಓಣಿಯಲ್ಲೇ ಬಿದ್ದ ಮಾಳಿಗೆಗಳಿವೆ. ಕಾರಣ ಕೇಳಿದೆ. ಮಾವ ಹೇಳಿದ್ದು ಇಷ್ಟೆ: “ಹುಲ್ಲು ಕೀಳೋರಿಲ್ಲ, ಮಣ್ಣು ಹಾಕೋರಿಲ್ಲ. ಮಂದಿ ಎಲ್ಲಾ ದುಡಿಯಾಕ ಹ್ವಾದ್ರು. ಮಾಳಗಿ ಏನ್ ಮಾಡಬೇಕ ಯವ್ವಾ?” ಇಲ್ಲಿನ ಜನ ಗುಳೇ ಹೋಗುವುದು ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ, ಹೆಚ್ಚಿನವರು ಕಟ್ಟಡದ ಕೆಲಸಕ್ಕೇ. ಅಲ್ಲಿ ಮಹಡಿಯ ಮೇಲೆ ಮಹಡಿ ಏರಿಸುವ ಕೈಗಳು ಮುಂಗಾರಿಗೆ ಮೊದಲು ತಮ್ಮ ಮಾಳಿಗೆಗೆ ಒಂದು ಬುಟ್ಟಿ ಸವಳು ಹಾಕಲು ಊರಲ್ಲಿರುವುದಿಲ್ಲ. ಇದನ್ನು ಬರೆಯುವಾಗ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಪಕ್ಕದಲ್ಲಿ ಒಂದು ಜೋಡಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವಿನಲ್ಲಿ ಮನೆ ಏರಿಸುತ್ತಿದೆ. ಗ್ರಾಮೀಣ ಆವಾಸ್ 2016ರಲ್ಲಿ ಶುರುವಾದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರ್ ಎಂದು ಗೊತ್ತುಮಾಡಿದ್ದರು. ಗುತ್ತಿಗೆದಾರರ ಕೈಗೆ ಕೊಡುವಂತಿಲ್ಲ, ಮನೆಯವರೇ ನಿಂತು ಕಟ್ಟಿಕೊಳ್ಳಬೇಕು. ಗಂಡ ಉಡುಪಿಯಲ್ಲಿ ಕಲಿತ ಗೌಂಡಿ, ಹೆಂಡತಿ ಸಿಮೆಂಟು ಕಲಸಿ ಕೊಡುತ್ತಾಳೆ. ಗೋಡೆ ಎಷ್ಟು ನೇರ ಎಂದರೆ ನಿಂತು ನೋಡುತ್ತಲೇ ಇದ್ದೆ. ಕೆಲಸ ಮುಗಿದೊಡನೆ ಬೀಗ ಹಾಕಿ ಮತ್ತೆ ಉಡುಪಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಒಲೆಯಂತೆ ಕಾಯುವ ಮನೆ ಎಂದು ಅವರಿಗೂ ಗೊತ್ತು. ಆದರೂ ಅವರಿಗೆ ಸ್ಲ್ಯಾಬೇ ಸರಿ. ಬೀಗ ಹಾಕಿದ ಮಣ್ಣಿನ ಮನೆ ಬಹಳ ಕಾಲ ಬಾಳುವುದಿಲ್ಲ.

ಆರೈಕೆ ಇಲ್ಲದೆ ನಿಂತವೂ ಉಂಟು: ಇದೇ ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ ಹಿರೇಬೆಣಕಲ್ ಬೆಟ್ಟದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಚಪ್ಪಡಿಯ ಗೋರಿಗಳಿವೆ. ಜನ ಅವನ್ನು ಮೋರೇರ ಮನೆಗಳು ಎನ್ನುತ್ತಾರೆ. ಯಾರ ಆರೈಕೆಯೂ ಇಲ್ಲದೆ ಅಷ್ಟು ಕಾಲ ನಿಂತಿರುವುದು ಅಂಥವು ಮಾತ್ರ, ಅವುಗಳಲ್ಲಿ ಯಾರೂ ಬಾಳಿದ್ದಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಅಪ್ಪ ಹೋದ ಮೇಲೆ ಹೆಂಚು ಕೈಯಾಡಿಸಿಲ್ಲ, ಹಾಗಾಗಿ ಸೋರುತ್ತಿದೆ. ಗೋಡೆಯಲ್ಲಿ ದೋಷವಿದ್ದಂತೆ ನನಗೆ ಕಾಣಲಿಲ್ಲ. ಇಟ್ಟುಕೊಳ್ಳುವುದಾದರೆ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿಸಬೇಡ, ಒಳಗಿನ ತೇವ ಹೊರಬರಲಾಗದೆ ಗಾರೆ ಹಪ್ಪಳವಾಗಿ ಏಳುತ್ತದೆ. ಮಣ್ಣು ಬಳಿದು ಸುಣ್ಣ ಹೊಡೆಸು. ಜಮೀನು ಪರಿವರ್ತನೆ ಬೇಕೇ ಎಂದು ಕೇಳಿದ್ದೆಯಲ್ಲ: ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನ ಪ್ರಕಾರ ರೈತ ತನ್ನ ವಾಸಕ್ಕೆ ಹೊಲದಲ್ಲೇ ತೋಟದ ಮನೆ ಕಟ್ಟಬಹುದು, ಹಿಡುವಳಿಯ ಶೇ. 10ನ್ನು ಮೀರಬಾರದು. ಅದಕ್ಕೆ ಮೇಲಿನ ಮಿತಿಯೂ ಉಂಟು, ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸು. ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಅದು ಬೇರೆಯೇ ಲೆಕ್ಕ.

ಆದರೆ ಮಣ್ಣೋ ಸಿಮೆಂಟೋ ಎಂಬುದನ್ನು ಆಮೇಲೆ ನೋಡೋಣ. ಆ ಮನೆಯಲ್ಲಿ ವರ್ಷವಿಡೀ ಇರುವವರು ಯಾರು? ನೀನೂ ಅತ್ತಿಗೆಯೂ ಹೋಗಿ ಇರುತ್ತೀರಾದರೆ ಕೆಡವಬೇಡ. ಯಾರೂ ಇರುವುದಿಲ್ಲ ಎಂದಾದರೆ ಸ್ಲ್ಯಾಬು ಹಾಕಿಸು, ನಾನು ಬೇಡ ಅನ್ನುವುದಿಲ್ಲ. ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿ ನನಗೆ ಬರೆ. ಅಲ್ಲಿಯವರೆಗೆ ಜೆಸಿಬಿಯವನಿಗೆ ಮುಂಗಡ ಕೊಡಬೇಡ, ಮಳೆಗೆ ಮೊದಲು ಹೆಂಚಂತೂ ಕೈಯಾಡಿಸು.

ನಿನ್ನ ತಂಗಿ