ಮಾರ್ಚ್ ಮೂರು

ಪಂಚಾಂಗ ಗುರುತಿಸದ ಕೆಲವು ದಿನಗಳೂ ನಾಡಿಗೆ ಹಬ್ಬಗಳೇ. ಮಾರ್ಚ್ 3 ಅಂತಹದೊಂದು ದಿನ. 1934ರಲ್ಲಿ ಅಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡಿತು. ಚಿತ್ರೀಕರಣ ನಡೆದುದು ದೂರದ ಕೊಲ್ಹಾಪುರದಲ್ಲಿ; ಆದರೆ ಮಾತು, ಹಾಡುಗಳನ್ನು ಬರೆದವರು ನಮ್ಮ ತುಮಕೂರು ಸೀಮೆಯ ಬೆಳ್ಳಾವೆ ನರಹರಿಶಾಸ್ತ್ರಿಗಳು. ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು, ನಾಗೇಂದ್ರರಾಯರು ರಾವಣನಾದರು. ರಂಗಭೂಮಿಯ ಕಂಠಗಳು ಬೆಳ್ಳಿತೆರೆಯಿಂದ ಕನ್ನಡ ನುಡಿದವು.

ಆ ಚಿತ್ರದ ಒಂದು ಪ್ರತಿಯೂ ಇಂದು ದೊರೆಯುವುದಿಲ್ಲ. ನಮ್ಮ ಹುಳಿಯಾರಿನ ಕಡೆ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಜೋಪಾನವಾಗಿ ಇಡುತ್ತೇವೆ. ಕಾಯಿಗೆ ದೊರೆತ ಆ ಜೋಪಾನ ಕನ್ನಡದ ಮೊದಲ ಮಾತಿನ ಚಿತ್ರಕ್ಕೆ ದೊರೆಯಲಿಲ್ಲವಲ್ಲ ಎಂದು ಮನಸ್ಸು ಮರುಗುತ್ತದೆ. ಕಳೆದುದನ್ನು ಮರಳಿ ಪಡೆಯಲಾರೆವು, ಉಳಿದುದನ್ನಾದರೂ ಕಾಪಾಡಿಕೊಳ್ಳೋಣ.