ಉಪಚಾರವಿದ್ಯೆಯ ಎರಡು ಪಾಠಶಾಲೆಗಳು

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣಕ್ಕೆ ವಿದ್ಯಾನಗರಿ ಎಂಬ ಹೆಸರಿದೆ. ೧೯೭೮ರಲ್ಲಿ ಆರಂಭವಾದ ಕನ್ನಡ ವಿಭಾಗ ಈ ಆವರಣದ ರಾನಡೆ ಭವನದಲ್ಲಿ ನೆಲೆಗೊಂಡಿದೆ. ಅದೇ ಆವರಣದಲ್ಲಿರುವ ಗರವಾರೆ ವೃತ್ತಿಶಿಕ್ಷಣ ಸಂಸ್ಥೆಯು ಪ್ರವಾಸ ಹಾಗೂ ಪ್ರವಾಸೋದ್ಯಮದ ವ್ಯವಸ್ಥಾಪನೆಯನ್ನು ಕಲಿಸುತ್ತ ಬಂದಿದೆ. ಒಂದು ಕಡೆ ಪಂಪನಿಂದ ಮೊದಲ್ಗೊಂಡು ಯಶವಂತ ಚಿತ್ತಾಲರವರೆಗಿನ ಸಾಹಿತ್ಯದ ಪಾಠ. ಇನ್ನೊಂದು ಕಡೆ ವಿಮಾನದ ಟಿಕೆಟು, ಹೋಟೆಲಿನ ಕೊಠಡಿ, ಯಾತ್ರಾತಂಡದ ಮೇಲ್ವಿಚಾರಣೆಗಳ ಪಾಠ. ಮೇಲ್ನೋಟಕ್ಕೆ ಇವೆರಡಕ್ಕೂ ಯಾವ ನಂಟೂ ಕಾಣದು. ಆದರೆ ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬಲ್ಲವರಿಗೆ ಆ ನಂಟು ಬಹಳ ಹತ್ತಿರದ್ದು. ಎರಡನೆಯ ತರಗತಿಯಲ್ಲಿ ಇಂದು ಶುಲ್ಕ ತೆತ್ತು ಕಲಿಯಲಾಗುತ್ತಿರುವ ವಿದ್ಯೆಯನ್ನು ಈ ನಗರದಲ್ಲಿ ಪುಸ್ತಕವಿಲ್ಲದೆ, ಪದವಿಯಿಲ್ಲದೆ, ಬರಿಯ ದೇಹಶ್ರಮದಿಂದ ಕಲಿತವರಲ್ಲಿ ಕರಾವಳಿಯಿಂದ ಬಂದ ಕನ್ನಡ-ತುಳು ಭಾಷಿಕರ ಪಾಲು ದೊಡ್ಡದು. ಈ ಎರಡು ಪಾಠಶಾಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದರಿಂದ ಎರಡರ ಬಲವೂ ಕೊರತೆಯೂ ಸ್ಪಷ್ಟವಾಗುತ್ತವೆ.

ಸೇವಾಕ್ಷೇತ್ರ ವ್ಯವಸ್ಥಾಪನೆ ವಯಸ್ಸಿನಲ್ಲಿ ಚಿಕ್ಕ ಶಾಸ್ತ್ರ. ಕಾರ್ಖಾನೆಯ ಸರಕನ್ನು ಕುರಿತ ವಾಣಿಜ್ಯಶಾಸ್ತ್ರದಿಂದ ಅದು ಬೇರೆಯಾಗಿ ನಿಂತದ್ದು ೧೯೭೦ರ ದಶಕದಿಂದ ಈಚೆಗೆ. ಸೇವೆಗೆ ನಾಲ್ಕು ಲಕ್ಷಣಗಳಿವೆ ಎಂದು ಆ ಶಾಸ್ತ್ರ ಹೇಳುತ್ತದೆ. ಮೊದಲನೆಯದಾಗಿ, ಅದನ್ನು ಕೈಯಲ್ಲಿ ಹಿಡಿದು ನೋಡಲಾಗದು: ಪ್ರವಾಸವನ್ನು ಕೊಳ್ಳುವವನು ಹೊರಡುವ ಮುನ್ನ ಅದನ್ನು ಪರೀಕ್ಷಿಸಲಾರ. ಎರಡನೆಯದಾಗಿ, ಕೊಡುವವನಿಂದ ಅದನ್ನು ಬೇರ್ಪಡಿಸಲಾಗದು: ಮಾರ್ಗದರ್ಶಿಯ ಮುಖ ಗಂಟಿಕ್ಕಿದ್ದರೆ ಎಲಿಫೆಂಟಾದ ತ್ರಿಮೂರ್ತಿಯೂ ಮಂಕಾಗಿ ಕಾಣುತ್ತಾನೆ. ಮೂರನೆಯದಾಗಿ, ಅದು ಪ್ರತಿಸಲವೂ ಒಂದೇ ರೀತಿ ಇರದು. ನಾಲ್ಕನೆಯದಾಗಿ, ಅದನ್ನು ಕೂಡಿಡಲಾಗದು: ಇಂದು ಖಾಲಿಯಾಗಿ ಹಾರಿದ ವಿಮಾನದ ಆಸನವನ್ನು ನಾಳೆ ಮಾರಲು ಬರುವುದಿಲ್ಲ. ಈ ನಾಲ್ಕು ಸೂತ್ರಗಳ ಮೇಲೆಯೇ ದರನಿಗದಿ, ಮುಂಗಡ ಕಾಯ್ದಿರಿಸುವಿಕೆ, ಸಿಬ್ಬಂದಿಯ ತರಬೇತಿ ಮೊದಲಾದವೆಲ್ಲ ನಿಂತಿವೆ. ೧೯೮೮ರಲ್ಲಿ ಭಾರತ ಮೂಲದ ಎ. ಪರಶುರಾಮನ್ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ಸೇವೆಯ ಗುಣವನ್ನು ಅಳೆಯುವ ಮಾನದಂಡವೊಂದನ್ನು ರೂಪಿಸಿದರು. ನಂಬಿಕೆಗೆ ಅರ್ಹತೆ, ತತ್ಪರತೆ, ಭರವಸೆ, ಅನುಕಂಪ, ಕಣ್ಣಿಗೆ ಕಾಣುವ ಅಚ್ಚುಕಟ್ಟು ಎಂಬ ಐದು ಅಂಶಗಳನ್ನು ಅದು ಪರಿಗಣಿಸುತ್ತದೆ. ಅತಿಥಿ ನಿರೀಕ್ಷಿಸಿದ್ದಕ್ಕೂ ಅವನಿಗೆ ದೊರೆತದ್ದಕ್ಕೂ ನಡುವಿನ ಅಂತರವೇ ಅಲ್ಲಿ ಲೆಕ್ಕಕ್ಕೆ ಬರುವ ಸಂಗತಿ.

ಸ್ಕ್ಯಾಂಡಿನೇವಿಯದ ವಿಮಾನ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಯಾನ್ ಕಾರ್ಲ್‌ಸನ್ ೧೯೮೦ರ ದಶಕದಲ್ಲಿ ಹೇಳಿದ ಮಾತೂ ಈ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುತ್ತದೆ. ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರಲ್ಲಿ ಪ್ರತಿಯೊಬ್ಬರೂ ಸುಮಾರು ಐದು ಮಂದಿ ನೌಕರರನ್ನು, ತಲಾ ಹದಿನೈದು ಸೆಕೆಂಡುಗಳ ಕಾಲ ಎದುರಾಗುತ್ತಾರೆ. ಸಂಸ್ಥೆಯ ಅಳಿವು ಉಳಿವು ಆ ಐದು ಕೋಟಿ ಕ್ಷಣಗಳಲ್ಲಿ ನಿರ್ಧಾರವಾಗುತ್ತದೆ ಎಂಬುದು ಅವರ ಲೆಕ್ಕ. ಆದ್ದರಿಂದ ನಿರ್ಣಯದ ಅಧಿಕಾರ ಮೇಲಿನ ಕೋಣೆಯಲ್ಲಿರದೆ, ಪ್ರಯಾಣಿಕನ ಎದುರು ನಿಂತವನ ಕೈಯಲ್ಲಿರಬೇಕು ಎಂದು ಅವರು ವಾದಿಸಿದರು. ಸರಳವೆನಿಸಿದರೂ ಇದು ಶ್ರೇಣಿಯನ್ನು ತಲೆಕೆಳಗು ಮಾಡುವ ವಿಚಾರ.

ಇನ್ನೊಂದು ಪಾಠಶಾಲೆ ಮಾಟುಂಗದ ಸುತ್ತಮುತ್ತ ಇದ್ದಿತು. ೧೯೩೬ರಲ್ಲಿ ಮೈಸೂರು ಕೆಫೆಯನ್ನೂ ೧೯೪೨ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೂ ಸ್ಥಾಪಿಸಿದ ಎ. ರಾಮ ನಾಯಕರ ಹೆಸರು ಈ ಚರಿತ್ರೆಯಲ್ಲಿ ಮುಖ್ಯವಾದುದು. ಅವರ ಮುಂದೆಯೂ ಹಿಂದೆಯೂ ನೂರಾರು ಮಂದಿ ಇದ್ದರು. ಕೊಂಕಣ ರೈಲುಮಾರ್ಗ ೧೯೯೮ರಲ್ಲಿ ಪೂರ್ಣವಾಗಿ ತೆರೆದುಕೊಳ್ಳುವುದಕ್ಕೆ ದಶಕಗಳ ಮೊದಲು, ಹಡಗು ಹತ್ತಿಯೋ ಘಟ್ಟದ ಬಸ್ಸು ಹಿಡಿದೋ ಉಡುಪಿ, ಕಾರ್ಕಳ, ಕುಂದಾಪುರ ಸೀಮೆಗಳ ಹುಡುಗರು ಈ ನಗರಕ್ಕೆ ಬಂದಿಳಿದರು. ಊರವರೊಬ್ಬರ ಗುರುತು, ಒಂದು ಚೀಲ, ಮನೆಗೆ ಹಣ ಕಳಿಸಬೇಕೆಂಬ ಹೊಣೆ, ಇವಿಷ್ಟೇ ಅವರ ಬಂಡವಾಳ. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರಸುವುದು, ಮತ್ತೆ ಬಡಿಸುವುದು, ಅದೃಷ್ಟವಿದ್ದರೆ ಗಲ್ಲಾ ಪೆಟ್ಟಿಗೆಯ ಬಳಿ ಕೂರುವುದು: ಇದೇ ಅವರ ಪಠ್ಯಕ್ರಮ. ಹಗಲು ಗಿರಾಕಿಗಳು ಕುಳಿತ ಬೆಂಚಿನ ಮೇಲೆಯೇ ಎಷ್ಟೋ ಮಂದಿ ರಾತ್ರಿ ಮಲಗಿದರು.

ಆ ಹುಡುಗ ಕಲಿತದ್ದೇನು ಎಂಬುದನ್ನು ಪಠ್ಯಪುಸ್ತಕದ ಪರಿಭಾಷೆಯಲ್ಲಿ ಹೇಳಿದರೆ ಆಶ್ಚರ್ಯವಾಗುತ್ತದೆ. ಆರು ಮೇಜುಗಳ ಬೇಡಿಕೆಗಳನ್ನು ಬರೆದುಕೊಳ್ಳದೆ ನೆನಪಿಟ್ಟು, ಒಳಗೆ ಕೂಗಿ ಹೇಳಿ, ತಪ್ಪದಂತೆ ತಂದಿಡುವುದು ನಂಬಿಕೆಗೆ ಅರ್ಹತೆ. ಗಿರಾಕಿ ಕೈಯೆತ್ತುವ ಮುನ್ನವೇ ಸಾರು ತರುವುದು ತತ್ಪರತೆ. ದಿನವೂ ಬರುವ ಗುಮಾಸ್ತನಿಗೆ ಖಾರ ಕಡಿಮೆಯಿರಬೇಕೆಂದು ಬಲ್ಲುದು ಅನುಕಂಪ. ಮಧ್ಯಾಹ್ನದ ಒಂದು ಗಂಟೆಯಲ್ಲಿ ಮೇಜು ಬೇಗ ತೆರವಾಗದಿದ್ದರೆ ಆ ಹೊತ್ತಿನ ವ್ಯಾಪಾರ ಮತ್ತೆ ಬಾರದೆಂಬುದನ್ನು ಅವನು ಕಂಡುಕೊಂಡಿದ್ದ. ಸೇವೆಯನ್ನು ಕೂಡಿಡಲಾಗದೆಂಬ ಸೂತ್ರ ಅದೇ. ಲಿನ್ ಶೊಸ್ಟಾಕ್ ೧೯೮೪ರಲ್ಲಿ ಸೇವೆಯ ನಕ್ಷೆಯನ್ನು ಹೇಗೆ ಬರೆಯಬೇಕೆಂದು ತೋರಿಸಿಕೊಟ್ಟರು: ಅತಿಥಿಗೆ ಕಾಣುವ ಕೆಲಸಗಳು ಒಂದು ಗೆರೆಯ ಮೇಲೆ, ಕಾಣದ ಕೆಲಸಗಳು ಕೆಳಗೆ. ಉಡುಪಿ ಹೋಟೆಲಿನ ಅಡುಗೆಮನೆಗೂ ಊಟದ ಹಾಲಿಗೂ ನಡುವಿನ ಗೋಡೆ ಆ ಗೆರೆಯನ್ನು ಮೊದಲೇ ಎಳೆದಿಟ್ಟಿತ್ತು.

ಹೀಗೆಂದ ಮಾತ್ರಕ್ಕೆ ಹಳೆಯ ಪಾಠಶಾಲೆಯನ್ನು ಸ್ವರ್ಗವೆಂದು ಬಣ್ಣಿಸುವುದು ಚರಿತ್ರೆಗೆ ಬಗೆವ ಅಪಚಾರ. ಆ ಗೋಡೆ ಬರಿಯ ಅನುಕೂಲಕ್ಕಾಗಿ ಇದ್ದುದಲ್ಲ. ಯಾರು ಅಡುಗೆ ಮಾಡಬಹುದು, ಯಾರು ಎಂಜಲು ತೆಗೆಯಬೇಕು ಎಂಬುದನ್ನು ಬಹುಕಾಲ ಜಾತಿಯೇ ನಿರ್ಧರಿಸಿತು. ಎಳೆಯ ಮಕ್ಕಳ ದುಡಿಮೆಯೂ ಅದರ ಒಂದು ಭಾಗವಾಗಿತ್ತು. ಬಾಲಕಾರ್ಮಿಕರನ್ನು ಕುರಿತ ೧೯೮೬ರ ಕಾಯಿದೆಯ ವ್ಯಾಪ್ತಿಗೆ ಹೋಟೆಲುಗಳಲ್ಲಿಯೂ ಮನೆಗಳಲ್ಲಿಯೂ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದರ ನಿಷೇಧ ಸೇರಿದ್ದು ೨೦೦೬ರ ಅಕ್ಟೋಬರದಲ್ಲಿ. ಅಲ್ಲಿಯವರೆಗಿನ ತಲೆಮಾರುಗಳ ಬಾಲ್ಯ ಲೋಟದ ನೀರಿನಲ್ಲಿ ಕರಗಿಹೋದುದನ್ನು ಯಾವ ಯಶೋಗಾಥೆಯೂ ಮರೆಮಾಚಬಾರದು. ಆ ಹುಡುಗರಿಗೆ ಅಕ್ಷರದ ದಾರಿ ತೆರೆದದ್ದು ರಾತ್ರಿ ಶಾಲೆ. ೧೯೦೨ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾದ ಸಂಘಟನೆಗಳು ನಡೆಸಿದ ಈ ಶಾಲೆಗಳಲ್ಲಿ, ದಿನದ ದುಡಿಮೆ ಮುಗಿಸಿ ಬಂದವರು ನಿದ್ದೆಗಣ್ಣಿನಲ್ಲಿ ಪಾಠ ಕೇಳಿ ಮೆಟ್ರಿಕ್ ದಾಟಿದರು. ಅವರಲ್ಲಿ ಬಹುಮಂದಿ ಓದಿದ್ದು ಹೋಟೆಲಿನಿಂದ ಹೊರಬರುವುದಕ್ಕಾಗಿ ಎಂಬುದು ಗಮನಿಸಬೇಕಾದ ಸಂಗತಿ.

ಅವರ ಮೊಮ್ಮಕ್ಕಳು ಇಂದು ಓದುತ್ತಿರುವುದು ಅದೇ ಕ್ಷೇತ್ರದ ಒಳಗೆ ಹೋಗುವುದಕ್ಕಾಗಿ. ಹೋಟೆಲ್ ಶಿಕ್ಷಣಕ್ಕೆಂದೇ ದಾದರಿನಲ್ಲಿರುವ ಸಂಸ್ಥೆ ೧೯೫೪ರಷ್ಟು ಹಿಂದೆಯೇ ಆರಂಭವಾಗಿತ್ತು. ಉಡುಪಿಯ ಮಗ್ಗುಲಲ್ಲೇ ಇರುವ ಮಣಿಪಾಲದಲ್ಲಿ ಅಂಥ ಕಾಲೇಜು ತಲೆಯೆತ್ತಿದ್ದು ೧೯೮೬ರಲ್ಲಿ. ಮುಂಬಯಿ ವಿಶ್ವವಿದ್ಯಾಲಯದ ವ್ಯವಸ್ಥಾಪನ ಪದವಿಯಲ್ಲಿ ಸೇವಾಕ್ಷೇತ್ರ ವ್ಯವಸ್ಥಾಪನೆ ಒಂದು ಪತ್ರಿಕೆಯಾಗಿ ಬಂದಿತು. ೧೯೨೭ರಲ್ಲಿ ಸ್ಥಾಪನೆಗೊಂಡ ಬಂಟರ ಸಂಘ ಪೊವಾಯಿಯಲ್ಲಿ ನಡೆಸುತ್ತಿರುವ ಕಾಲೇಜಿನಲ್ಲಿಯೂ ವ್ಯವಸ್ಥಾಪನ ಅಧ್ಯಯನವಿದೆ. ಡೊಂಬಿವಲಿ, ಮೀರಾ ರೋಡ್, ಮುಲುಂಡ್ ಮುಂತಾದ ಉಪನಗರಗಳ ಕನ್ನಡ ಮನೆಗಳಿಂದ ಹೊರಡುವ ತರುಣ ತರುಣಿಯರಿಗೆ ವಿಮಾನ ನಿಲ್ದಾಣ, ಪ್ರವಾಸ ಕಂಪನಿ, ತಾರಾ ಹೋಟೆಲು, ಹಡಗುಯಾನ ಇವೆಲ್ಲ ಉದ್ಯೋಗದ ಬಾಗಿಲುಗಳು. ಅಜ್ಜ ಮೇಜು ಒರಸಿದ ಕಥೆಯನ್ನು ಮನೆಯಲ್ಲಿ ಅಭಿಮಾನದಿಂದ ಹೇಳುವವರೂ ಇದ್ದಾರೆ, ಸಂದರ್ಶನದಲ್ಲಿ ಹೇಳಲು ಸಂಕೋಚಪಡುವವರೂ ಇದ್ದಾರೆ. ಈ ಸಂಕೋಚದ ಬೇರು ಎಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಭಾಷೆಯ ಕಡೆಗೆ ತಿರುಗಬೇಕಾಗುತ್ತದೆ.

ಇಂಗ್ಲಿಷಿನ 'ಸರ್ವಿಸ್' ಎಂಬ ಒಂದು ಮಾತಿಗೆ ಕನ್ನಡದಲ್ಲಿ ಹಲವು ಮಾತುಗಳಿವೆ. ದೇವರಿಗೂ ಗುರುಹಿರಿಯರಿಗೂ ಸಲ್ಲುವುದು ಸೇವೆ. ಒಡೆಯನಿಗೆ ಸಲ್ಲುವುದು ಊಳಿಗ. ಹೊಟ್ಟೆಪಾಡಿಗಾಗಿ ಮಾಡುವುದು ಚಾಕರಿ. ಮನೆಗೆ ಬಂದವರಿಗೆ ಮಾಡುವುದು ಉಪಚಾರ, ಆತಿಥ್ಯ. ಕೊಡುವವನು ತಾನೇ ಕಿರಿಯನೆಂದು ಭಾವಿಸಿ, ದುಡಿದದ್ದನ್ನು ಹಂಚಿಕೊಳ್ಳುವುದು ಶರಣರ ದಾಸೋಹ. ಇವುಗಳಲ್ಲಿ ಒಂದೊಂದೂ ಕೊಡುವವನಿಗೂ ಪಡೆಯುವವನಿಗೂ ನಡುವಿನ ಸಂಬಂಧವನ್ನು ಬೇರೆಬೇರೆಯಾಗಿ ಹೇಳುತ್ತದೆ. 'ಮಾಣಿ' ಎಂಬ ಮಾತಿನ ಪಯಣವೂ ಇಲ್ಲಿ ಉಲ್ಲೇಖಾರ್ಹ. ಕರಾವಳಿಯ ಕನ್ನಡದಲ್ಲಿ ಅದರ ಅರ್ಥ ಹುಡುಗ, ವಟು. ಉಡುಪಿ ಹೋಟೆಲಿನೊಡನೆ ಊರೂರಿಗೆ ಹೋಗಿ ಅದು ಬಡಿಸುವವನ ಹೆಸರಾಯಿತು. ಮನೆಯಲ್ಲಿ ಪ್ರೀತಿಯಿಂದ ಕರೆಯುತ್ತಿದ್ದ ಮಾತನ್ನು ಅಪರಿಚಿತರು ಚಿಟಿಕೆ ಹೊಡೆದು ಕರೆಯುವಾಗ ಬಳಸತೊಡಗಿದರು. ಶಬ್ದಕ್ಕಾದ ಈ ಅರ್ಥಾಪಕರ್ಷದಲ್ಲಿ ಒಂದು ಸಮುದಾಯದ ಅವಮಾನವೂ ಅಡಗಿದೆ.

ಆಧುನಿಕ ಶಾಸ್ತ್ರವೂ ಈ ಗಾಯವನ್ನು ಬಲ್ಲದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಗನಸಖಿಯರ ನಗುವನ್ನು ಪರಿಶೀಲಿಸಿದರು. ದೇಹಶ್ರಮ, ಬುದ್ಧಿಶ್ರಮಗಳಂತೆ ಭಾವಶ್ರಮವೂ ಒಂದಿದೆ. ಸಂಬಳಕ್ಕಾಗಿ ನಗುವವರು ಕ್ರಮೇಣ ತಮ್ಮ ನಗುವಿನಿಂದಲೇ ದೂರವಾಗುತ್ತಾರೆ ಎಂಬುದು ಅವರ ನಿರೂಪಣೆ. ಆದರೆ ಅತಿಥಿಯ ತೃಪ್ತಿಯನ್ನು ಅಳೆಯುವ ಐದು ಅಂಶಗಳಲ್ಲಿ ಬಡಿಸುವವನ ದಣಿವಿಗೆ ಸ್ಥಳವಿಲ್ಲ. ಶಾಸ್ತ್ರ ಪ್ರಶ್ನೆ ಕೇಳುವುದು ಕುಳಿತವನನ್ನು. ನಿಂತವನನ್ನು ಕೇಳುವುದು ಅಪರೂಪ.

ನಿಂತವರ ಮಹತ್ತ್ವ ಲೋಕಕ್ಕೆ ತಿಳಿಯಲು ಕೆಲವೊಮ್ಮೆ ದುರಂತವೇ ಬರಬೇಕಾಗುತ್ತದೆ. ೨೦೦೮ರ ನವೆಂಬರ ೨೬ರ ರಾತ್ರಿ ತಾಜಮಹಲ್ ಹೋಟೆಲಿನ ಮೇಲೆ ಭಯೋತ್ಪಾದಕರ ದಾಳಿ ನಡೆದಾಗ ಅಲ್ಲಿನ ನೌಕರರು ಓಡಿಹೋಗದೆ ಅತಿಥಿಗಳನ್ನು ಕಾಪಾಡಿದರು. ಹಲವರು ಪ್ರಾಣ ತೆತ್ತರು. ಈ ನಡತೆಯ ಮೂಲವನ್ನು ಹುಡುಕಿ ಇಬ್ಬರು ವಿದ್ವಾಂಸರು ೨೦೧೧ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಲೇಖನ ಬರೆದರು. ಸಣ್ಣ ಊರುಗಳ, ಹಿರಿಯರನ್ನು ಗೌರವಿಸುವ ತರುಣರನ್ನು ಆರಿಸಿಕೊಳ್ಳುವ ಪದ್ಧತಿಯ ಕಡೆಗೆ ಅವರು ಬೊಟ್ಟುಮಾಡಿದರು. ತರಬೇತಿಗಿಂತ ಮೊದಲು ಮನೆಯಲ್ಲಿ ಕಲಿತ ಪಾಠವೊಂದು ಅಲ್ಲಿ ಕೆಲಸ ಮಾಡಿತ್ತು ಎಂಬುದು ಇದರ ತಾತ್ಪರ್ಯ.

ಹನ್ನೆರಡು ವರ್ಷಗಳ ತರುವಾಯ ಇನ್ನೊಂದು ಬಗೆಯ ಪರೀಕ್ಷೆ ಎದುರಾಯಿತು. ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಮೊದಲು ನಿಂತದ್ದು ಪ್ರವಾಸ, ಹೋಟೆಲು ಉದ್ಯಮಗಳೇ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯವರು ಊರಿಗೆ ಮರಳತೊಡಗಿದರು. ಮೇ ೧೮ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ತೀರ್ಮಾನಿಸಿತು. ರೋಗದ ಭಯ ಅದಕ್ಕೆ ಕಾರಣವಾಗಿತ್ತು, ನಿಜ. ಆದರೂ ಬದುಕಿಡೀ ಅನ್ಯರಿಗೆ 'ಬನ್ನಿ, ಕುಳಿತುಕೊಳ್ಳಿ' ಎಂದವರಿಗೆ ತಮ್ಮ ನೆಲದ ಗಡಿಯಲ್ಲೇ ಆ ಮಾತು ಕೇಳಿಸಲಿಲ್ಲ. ಕೂಡಿಡಲಾಗದ ಸೇವೆಯ ನಷ್ಟವನ್ನು ಶಾಸ್ತ್ರ ಲೆಕ್ಕ ಹಾಕಬಲ್ಲದು. ಆ ಮನುಷ್ಯರಿಗಾದ ನಷ್ಟವನ್ನು ಬರೆದಿಡಲು ಬೇರೆ ಭಾಷೆ ಬೇಕು.

ಆ ಭಾಷೆಯನ್ನು ಒದಗಿಸುವ ಹೊಣೆ ಕನ್ನಡ ಅಧ್ಯಯನದ ಮೇಲೂ ಇದೆ. ಫ್ರಾಂಕ್ ಕಾನ್ಲನ್ ಎಂಬ ಅಮೆರಿಕದ ಇತಿಹಾಸಕಾರರು ಮುಂಬಯಿಯ ಹೊರಗಿನೂಟದ ಚರಿತ್ರೆಯನ್ನು ೧೯೯೫ರಷ್ಟು ಹಿಂದೆಯೇ ಇಂಗ್ಲಿಷಿನಲ್ಲಿ ಬರೆದರು. ಮೇಜು ಒರಸಿದವರ, ರಾತ್ರಿ ಶಾಲೆಯಲ್ಲಿ ಕಲಿತವರ ಬಾಯಿಮಾತಿನ ಚರಿತ್ರೆಯನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಸಂಗ್ರಹಿಸುವ ಕಾರ್ಯಕ್ಕೆ ಕಾಲಾವಕಾಶ ದಿನೇ ದಿನೇ ಕಡಿಮೆಯಾಗುತ್ತಿದೆ. ಆ ತಲೆಮಾರಿನವರು ಇಂದು ಇಳಿವಯಸ್ಸಿನಲ್ಲಿದ್ದಾರೆ. ಹೋಟೆಲಿನ ಒಳಗೆ ಬೆಳೆದ ಕಸುಬುಮಾತುಗಳು ಯಾವ ಕೋಶದಲ್ಲಿಯೂ ಸೇರದೆ ಅಳಿಯುತ್ತಿವೆ. ಪ್ರವಾಸೋದ್ಯಮದ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಅತಿಥಿಗಳ ಮುಂದೆ ಪ್ರಶ್ನಾವಳಿ ಹಿಡಿಯುವಾಗ, ಕನ್ನಡದ ವಿದ್ಯಾರ್ಥಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಇನ್ನೊಂದು ಪ್ರಶ್ನಾವಳಿಯನ್ನು ತುಂಬಬಹುದು. ಒಬ್ಬನೇ ವಿದ್ಯಾರ್ಥಿ ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಸೇವೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವ ತರುಣರಿಗೆ ಪದವಿ ಬೇಕು, ಇಂಗ್ಲಿಷು ಬೇಕು, ಗಣಕಯಂತ್ರದ ಜ್ಞಾನವೂ ಬೇಕು. ಇವನ್ನೆಲ್ಲ ಹೊಸ ಪಾಠಶಾಲೆ ಚೆನ್ನಾಗಿಯೇ ಕಲಿಸುತ್ತದೆ. ಹಳೆಯ ಪಾಠಶಾಲೆ ಕಷ್ಟಪಟ್ಟು ಕಲಿತ ಪಾಠ ಒಂದೇ: ಉಪಚರಿಸುವವನಿಗೆ ಮರ್ಯಾದೆಯಿಲ್ಲದ ಕಡೆ ಉಪಚಾರ ಬಹಳ ಕಾಲ ನಿಲ್ಲುವುದಿಲ್ಲ. ನಾಳೆ ಮ್ಯಾನೇಜರನ ಕುರ್ಚಿಯಲ್ಲಿ ಕೂರುವ ಮೊಮ್ಮಗಳು ತನ್ನ ಕೈಕೆಳಗಿನ ಹುಡುಗನನ್ನು ಅವನ ಹೆಸರು ಹಿಡಿದು ಕರೆದರೆ, ಅವನು ಕೂತು ಉಣ್ಣಲು ಹೊತ್ತು ಗೊತ್ತುಮಾಡಿದರೆ, ಎರಡು ಪಾಠಶಾಲೆಗಳ ವಿದ್ಯೆಯೂ ಅವಳಿಗೆ ಕೈಗೂಡಿದೆ ಎನ್ನಬೇಕು.