ಫುಲ್ ಪದಕ್ಕೆ ವಿರುದ್ಧ ಪದ



ನಮ್ಮೂರಿನ ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಪದಗಳು ಕೆಲವೇ ಇವೆ. ಬಸ್ಸು, ಲೈಟು, ಕರೆಂಟು, ಟೈಮು, ಆಮೇಲೆ ಫುಲ್. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿಗೂ ಫುಲ್ ಗೊತ್ತು. ಹಿರಿಯೂರಿನಿಂದ ಸಂಜೆ ಬರುವ ಬಸ್ಸು ಫುಲ್, ಸಂತೆ ಫುಲ್, ಜಾತ್ರೆಯಲ್ಲಿ ಜನ ಫುಲ್. ವಿರುದ್ಧ ಪದಗಳ ಪಾಠದಲ್ಲಿ ಫುಲ್ ಎದುರಿಗೆ ಎಂಪ್ಟಿ ಎಂದು ಇರುತ್ತದೆ. ಪರೀಕ್ಷೆಗೆ ಅದೇ ಸರಿ, ಅದನ್ನೇ ಬರೆಯಿರಿ, ಒಂದು ಅಂಕ ಬರುತ್ತದೆ. ಆದರೆ ಎಂಪ್ಟಿ ಅನ್ನೋದನ್ನು ಊರಿನಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಫುಲ್ ಊರೊಳಗೆ ಬಂತು, ಅದರ ಜೋಡಿ ಬರಲಿಲ್ಲ. ಹಾಗಾದರೆ ನಮ್ಮ ಜನ ಫುಲ್‌ಗೆ ವಿರುದ್ಧವಾಗಿ ಏನು ಅಂತಾರೆ? ಒಂದು ತಿಂಗಳಿಂದ ಕಿವಿಗೊಟ್ಟು ಕೇಳಿ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡಿದ್ದೇನೆ.

ಸುಲಭದವು ಮೊದಲು. ಫುಲ್ ಟಿಕೆಟ್‌ಗೆ ಆಫ್ ಟಿಕೆಟ್. (2023ರಿಂದ ನಮ್ಮಜ್ಜಿಗೆ ಸರ್ಕಾರಿ ಬಸ್ಸಿನಲ್ಲಿ ಜೀರೋ ಟಿಕೆಟ್, ಅದನ್ನೂ ಸೇರಿಸಿಕೊಳ್ಳಿ.) ಫುಲ್ ತೋಳಿನ ಅಂಗಿಗೆ ಆಫ್ ತೋಳು. ಇಲ್ಲಿ ಎಂಪ್ಟಿ ಹಾಕಿದರೆ ಅಂಗಿ ಬನಿಯನ್ ಆಗಿಬಿಡುತ್ತದೆ! ಹೊಟ್ಟೆ ಫುಲ್‌ಗೆ ಹಸಿವು. ಹುಣ್ಣಿಮೆ ಚಂದ್ರನಿಗೆ ಅಮಾಸೆ.

ಬೋರ್‌ವೆಲ್ಲಿಗೆ ಬೇರೆ ಇದೆ. ಕೊರೆಯುವಾಗ ನೀರು ಚಿಮ್ಮಿದರೆ 'ಫುಲ್ ನೀರು' ಅಂತ ಕುಣಿಯುತ್ತಾರೆ, ಲಾರಿಯವರಿಗೂ ಸೇರಿಸಿ ಊಟ ಹಾಕುತ್ತಾರೆ. ಬರದಿದ್ದರೆ 'ಫೇಲ್'. ನಮ್ಮ ತೆಂಗಿನ ತೋಟದಲ್ಲಿ ಮೂರನೇ ಬೋರು 780 ಅಡಿ ಕೊರೆಸಿದರು. ಬಿಳೀ ಧೂಳು ಎದ್ದು ನಮ್ಮ ತಲೆ, ಎಮ್ಮೆ, ತೆಂಗಿನ ಗರಿ ಎಲ್ಲಾ ಬೆಳ್ಳಗಾಯಿತು, ನೀರು ಬರಲಿಲ್ಲ. ನಮ್ಮಪ್ಪ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಪರೀಕ್ಷೆಯಲ್ಲಿ ಒಂದು ಸಲವೂ ಫೇಲ್ ಆದವರಲ್ಲ. ಆದರೂ ಆ ಪದ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಕಟ್ಟಬಹುದು ಅಂತಾರಲ್ಲ, ಅಪ್ಪ ಬೋರಿಗೂ ಮೂರು ಸಲ ಕಟ್ಟಿದರು. ಪರೀಕ್ಷೆಗಾದರೆ ಫೀಸು ಕಡಿಮೆ.

ಅದಾದ ಮೇಲೆ ನಮ್ಮಣ್ಣ ಬೆಂಗಳೂರಿಗೆ ಕೆಲಸಕ್ಕೆ ಹೋದ. ಮನೆಯಲ್ಲಿ ಐದು ಜನ ಇದ್ದೆವು, ನಾಲ್ಕು ಜನ ಆದೆವು. ಲೆಕ್ಕದ ಪ್ರಕಾರ ಮನೆ ಖಾಲಿ ಆಗಿಲ್ಲ. ಆದರೆ ಅವ್ವ ದಿನಾ ಸಂಜೆ 'ಮನೆ ಬಿಕೋ ಅಂತೈತೆ' ಅಂತಾಳೆ. ಈ ಬಿಕೋ ಅನ್ನೋದು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪದ. ಹೊರಗೆ ಹೋದವನು ಒಬ್ಬನೇ ಆದರೂ ಮನೆಯೆಲ್ಲಾ ಬಿಕೋ ಅನ್ನುತ್ತದೆ. ಎಂಪ್ಟಿಗೆ ಅಷ್ಟು ಶಕ್ತಿ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಫುಲ್ ಅಂದರೆ ಮೊದಲು ನೆನಪಾಗುವುದು ಮಾರಿಕಣಿವೆ. ವೇದಾವತಿ ನದಿಗೆ 1898ರಲ್ಲಿ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣಿವಿಲಾಸ ಸಾಗರ ಎಂದು ಕರೆಯುತ್ತಾರೆ. 130 ಅಡಿ ನೀರು ನಿಂತರೆ ಫುಲ್, ಕೋಡಿ ಬೀಳುತ್ತದೆ. ಸುಮಾರು 60 ಅಡಿಗೆ ಇಳಿದರೆ 'ಡೆಡ್ ಸ್ಟೋರೇಜ್' ಅಂತಾರೆ. ಡೆಡ್ ಅಂದರೆ ಸತ್ತದ್ದು. ನೋಡಿ, ಅಲ್ಲಿ ನೀರು ಇದ್ದೇ ಇರುತ್ತದೆ, ಎಂಪ್ಟಿ ಅಲ್ಲ, ಆದರೆ ಕಾಲುವೆಗೆ ಹತ್ತುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಅಷ್ಟು ವರ್ಷ ಹಿರಿಯೂರಿನವರು ಫುಲ್ ಅನ್ನೋದನ್ನು ಬರೀ ಬಾಯಿಮಾತಿನಲ್ಲಿ ಕೇಳಿದ್ದರು. ನಮ್ಮೂರಿಂದಲೂ ಟ್ರ್ಯಾಕ್ಟರಿನಲ್ಲಿ ಹೋಗಿ ನೋಡಿ ಬಂದೆವು. ಅಜ್ಜಿ ಕೋಡಿ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈ ಮುಗಿದು ಅತ್ತಳು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಯಾರೂ ಅಳಲಿಲ್ಲ, ಫೋಟೋ ತೆಗೆದರು.

ಆದರೆ ನಮ್ಮ ದೊಡ್ಡಮ್ಮನ ಊರು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಕಡೆ. ನಾವು ಈ ಕಡೆ ಫುಲ್ ಫುಲ್ ಎಂದು ಕುಣಿಯುತ್ತಿದ್ದಾಗ ಅವರ ಅಡಿಕೆ ಗಿಡದ ಬುಡದಲ್ಲಿ ನೀರು ನಿಂತಿತ್ತು. 'ನಿಮಗೆ ತುಂಬ್ತು, ನಮಗೆ ಮುಳುಗ್ತು' ಎಂದು ದೊಡ್ಡಮ್ಮ ಫೋನಿನಲ್ಲಿ ಅಂದಳು. ಒಂದೇ ನೀರು, ಕಟ್ಟೆಯ ಮುಂದೆ ಒಂದು ಪದ, ಹಿಂದೆ ಇನ್ನೊಂದು ಪದ. ತುಂಬುವುದಕ್ಕೆ ಮುಳುಗುವುದು ವಿರುದ್ಧ ಎಂದು ಯಾವ ಪುಸ್ತಕದಲ್ಲೂ ಇಲ್ಲ. ನಾನು ಮಾತ್ರ ಪಟ್ಟಿಗೆ ಸೇರಿಸಿದೆ.

ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋದವರೆಲ್ಲ ಓಬವ್ವನ ಕಿಂಡಿ ನೋಡಿದ್ದೀರಿ. ಗಂಡ ಊಟಕ್ಕೆ ಕೂತಾಗ ಕುಡಿಯಲು ನೀರಿರಲಿಲ್ಲ, ಓಬವ್ವ ನೀರಿಗೆ ಹೋದಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಂಡಳು ಎಂದು ಕಥೆ. ಅವತ್ತು ಬಿಂದಿಗೆ ಫುಲ್ ಇದ್ದಿದ್ದರೆ? ನಾನು ಸುಮ್ಮನೆ ಕೇಳುತ್ತಿದ್ದೇನೆ.

ಈಗ ನಮ್ಮಜ್ಜಿ ವಿಷಯ. ಅಜ್ಜಿ ಖಾಲಿ ಅನ್ನೋ ಪದವನ್ನೂ ಮನೆಯೊಳಗೆ ಬಿಡುವುದಿಲ್ಲ. ರಾಗಿಹಿಟ್ಟು ಮುಗಿದರೆ 'ಹಿಟ್ಟು ತುಂಬೈತೆ, ಗಿರಣಿಗೆ ಹೋಗ್ಬಾ' ಅಂತಾಳೆ. ಎಣ್ಣೆ ಮುಗಿದರೆ 'ಎಣ್ಣೆ ತುಂಬೈತೆ'. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಮ್ಮ ಚಿಕ್ಕಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ 'ತುಂಬಿದ್ರೆ ಅಂಗಡಿಗೆ ಯಾಕ್ ಕಳಿಸ್ತೀರಿ ಅತ್ತೆ' ಅಂದಿದ್ದಳಂತೆ. ಬಳೆ ಒಡೆದರೆ 'ಹೆಚ್ಚಿದವು'. ದೀಪ ಆರಿಸುವುದಕ್ಕೆ 'ದೊಡ್ಡದು ಮಾಡು'. ಅಂದರೆ ಅಜ್ಜಿಯ ಭಾಷೆಯಲ್ಲಿ ಫುಲ್‌ಗೆ ವಿರುದ್ಧ ಪದವೂ ಫುಲ್ಲೇ! ಯಾಕೆ ಹಂಗೆ ಅಂತ ಕೇಳಿದೆ. 'ಇಲ್ಲ ಇಲ್ಲ ಅಂದ್ರೆ ಇಲ್ಲವೇ ಆಗ್ತದೆ ಕಣವ್ವ' ಅಂದಳು.

ಮೂರನೇ ಬೋರ್ ಫೇಲಾದ ದಿನ ಅಪ್ಪ ಕತ್ತಲಾದ ಮೇಲೆ ಬಂದರು. ಹೊಸಿಲು ದಾಟುವ ಮುಂಚೆಯೇ 'ಫೇಲಾಯ್ತು' ಅಂದರು. 'ಹಂಗನ್ನಬ್ಯಾಡ ಮಗ, ತುಂಬೈತೆ ಅನ್ನು' ಅಂದಳು ಅಜ್ಜಿ. ಅಪ್ಪ ಏನೂ ಅನ್ನದೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ತೊಟ್ಟಿಯಲ್ಲಿ ಎರಡು ಚೆಂಬು ನೀರಿತ್ತು. ಒಂದರಲ್ಲಿ ತೊಳೆದುಕೊಂಡು ಇನ್ನೊಂದು ಬಿಟ್ಟು ಬಂದರು.

ನಿಮ್ಮ ಮನೆಗಳಲ್ಲಿ ಬೇರೆ ಪದಗಳಿದ್ದರೆ ಕೆಳಗೆ ಐದು ಗೆರೆ ಜಾಗ ಬಿಟ್ಟಿದ್ದೇನೆ, ಪೆನ್ಸಿಲಿನಲ್ಲಿ ಬರೆಯಿರಿ. ಹೊಳಲ್ಕೆರೆ ಕಡೆ ನೆಂಟರಿರುವವರು ಅಲ್ಲಿ ಕೆರೆ ಒಣಗಿದರೆ ಏನಂತಾರೆ ಎಂದು ಕೇಳಿಕೊಂಡು ಬಂದು ಬರೆಯಿರಿ. ಊರ ಹೆಸರಿನಲ್ಲೇ ಕೆರೆ ಇದೆಯಲ್ಲ, ಪದ ಇರಲೇಬೇಕು.